ಗಿಟಾರಿಗೊಂದು ತಾಮ್ರದ ಕವಚ

1965ರಲ್ಲಿ ಆರಂಭವಾದ ಭದ್ರಾವತಿಯ ಆಕಾಶವಾಣಿಯನ್ನು ಶಿವಮೊಗ್ಗೆಯ ಮನೆಯಲ್ಲಿ ಕೇಳುತ್ತ ಬೆಳೆದವರು ನಾವು. ಅಡಿಗೆಮನೆಯಲ್ಲಿ ಮಿಕ್ಸರು ತಿರುಗಿತೆಂದರೆ ರಾಗವೆಲ್ಲ ಕರಕರ ಶಬ್ದದಲ್ಲಿ ಮುಳುಗುತ್ತಿದ್ದಿತು. ಆ ಹಳೆಯ ಉಪದ್ರವವನ್ನೇ ಮೊನ್ನೆ ಭದ್ರಾವತಿಯ ತಂಗಿಯ ಮನೆಯಲ್ಲಿ, ಸೋದರಳಿಯನ ವಿದ್ಯುತ್ ಗಿಟಾರಿನಲ್ಲಿ ಕಂಡೆವು.

ಈ ವಾದ್ಯದ ತಂತಿಗಳ ಕೆಳಗೆ ಅಯಸ್ಕಾಂತವೂ, ಅದರ ಸುತ್ತ ಕೂದಲೆಳೆಯಂತಹ ತಾಮ್ರದ ಸಾವಿರಾರು ಸುತ್ತುಗಳೂ ಇರುವುವು. ತಂತಿಯ ಕಂಪನವನ್ನು ಗ್ರಹಿಸುವ ಈ ಸುರುಳಿಯು ಮನೆಯ ದೀಪ, ಪಂಖಗಳ ವಿದ್ಯುತ್ ಕ್ಷೋಭೆಯನ್ನೂ ಸೆಳೆದುಕೊಳ್ಳುವುದು. ಲೋಹದ ಆವರಣದೊಳಕ್ಕೆ ಹೊರಗಿನ ವಿದ್ಯುತ್ ಪ್ರಭಾವವು ಹೊಗದೆಂದು ಫ್ಯಾರಡೆ ಪಂಡಿತನು 1836ರಲ್ಲಿಯೇ ತೋರಿಸಿದ್ದನಷ್ಟೆ. ಆದಕಾರಣ ಗಿಟಾರಿನ ಒಳಗುಳಿಗಳಿಗೆ ತೆಳುವಾದ ತಾಮ್ರದ ಹಾಳೆಯನ್ನು ಅಂಟಿಸಿ, ತುಂಡುಗಳನ್ನು ಬೆಸೆದು, ವಾದ್ಯದ ಅರ್ತಿನ ತಂತಿಗೆ ಕೂಡಿಸಬೇಕು. ಸ್ವರವನ್ನೊಯ್ಯುವ ತಂತಿಗೆ ಹಾಳೆಯು ತಗುಲಿದರೆ ವಾದ್ಯವೇ ಮೂಕವಾಗುವುದು. ಟ್ರಾನ್ಸ್‌ಫಾರ್ಮರಿನ ಕಾಂತಪ್ರಭಾವದ ಗುಂಯ್‌ಕಾರವನ್ನು ಮಾತ್ರ ತಾಮ್ರವು ತಡೆಯಲಾರದು. ದೂರ ಸರಿದು ಕುಳಿತುಕೊಳ್ಳುವುದೇ ಅದಕ್ಕೆ ಮದ್ದು.

ಹುಡುಗನಿಗೆ ಇಷ್ಟು ತಾಳ್ಮೆ ಎಲ್ಲಿಯದು! ಎರಡು ಆಂಪ್ಲಿಫೈಯರುಗಳನ್ನು ಜೋಡಿಸಿದಾಗ ಗುಂಯ್‌ಕಾರ ಹೆಚ್ಚಿತೆಂದು, ಗೆಳೆಯನ ಮಾತು ಕೇಳಿ, ಒಂದರ ಪ್ಲಗ್ಗಿನ ದಪ್ಪ ಪಿನ್ನನ್ನೇ ಕಿತ್ತಿದ್ದನು. ಶಬ್ದವೇನೋ ತಗ್ಗಿತ್ತು. ಆದರೆ ಗಿಟಾರಿನ ತಂತಿಗಳೂ ಆ ಅರ್ತಿಗೇ ಸೇರಿರುವುವು. ಪೆಟ್ಟಿಗೆಯೊಳಗೆ ವಿದ್ಯುತ್ತು ಸೋರಿದಲ್ಲಿ, ನೆಲಕ್ಕಿಳಿಯುವ ದಾರಿ ತಪ್ಪಿ, ನುಡಿಸುವವನ ಬೆರಳಿಗೇ ಬಂದು ಪ್ರಾಣಕ್ಕೆ ಎರವಾದೀತು. ನಾವು ಗದರಿಸಿದೆವು, ಹುಡುಗನು ಮುಖ ಊದಿಸಿಕೊಂಡನು. ಸಂಜೆಯೊಳಗೆ ಹೊಸ ಪ್ಲಗ್ಗನ್ನು ಹಾಕಿಸಿದೆವು. ತಾಮ್ರದ ಹಾಳೆಯನ್ನು ಕತ್ತರಿಸಲು ತಂಗಿಯು ತನ್ನ ಹೊಲಿಗೆಯ ಕತ್ತರಿಯನ್ನು ಕೊಟ್ಟಿದ್ದಾಳೆ.