ರಕ್ತಕಣಗಳು ನುಡಿಯುವ ಸಾಕ್ಷಿ



ಮನೆಯಲ್ಲಿ ಯಾರಿಗಾದರೂ ಮೂರು ದಿನ ಜ್ವರ ಬಿಡದೆ ಕಾಡಿದರೆ ವೈದ್ಯರು ಮೊದಲು ಬರೆದುಕೊಡುವುದು ರಕ್ತಪರೀಕ್ಷೆ. ಸಂಜೆಯೊಳಗೆ ಲ್ಯಾಬಿನಿಂದ ಒಂದು ಹಾಳೆ ಕೈಗೆ ಬರುತ್ತದೆ. ಅದರ ತುಂಬ ಸಾಲುಸಾಲು ಅಂಕಿಗಳು. ಕೆಲವು ಅಂಕಿಗಳು ದಪ್ಪ ಅಕ್ಷರದಲ್ಲಿರುತ್ತವೆ, ಪಕ್ಕದಲ್ಲೊಂದು ಗುರುತೂ ಇರುತ್ತದೆ. ಅದನ್ನು ಕಂಡೊಡನೆ ಎದೆ ಧಸಕ್ಕೆನ್ನುತ್ತದೆ. ಕೆಲವರಿಗೆ ಆ ರಾತ್ರಿ ನಿದ್ದೆಯಿಲ್ಲ. ಇನ್ನು ಕೆಲವರು ಹಾಳೆಯನ್ನು ಮಡಚಿ, ಬೀರುವಿನಲ್ಲಿ ಬಟ್ಟೆಗಳ ಕೆಳಗಿಟ್ಟು, ಮನೆಯವರಿಗೂ ಹೇಳದೆ ಸುಮ್ಮನಾಗುತ್ತಾರೆ.

ಈ ಎರಡು ದಾರಿಗಳೂ ನಮಗೆ ಒಳಿತು ಮಾಡುವುದಿಲ್ಲ. ರಕ್ತಪರೀಕ್ಷೆಯ ಹಾಳೆ ನಮ್ಮ ದೇಹದ ಬಗ್ಗೆ ನುಡಿಯುವ ಒಬ್ಬ ಸಾಕ್ಷಿಯಂತೆ. ಸಾಕ್ಷಿ ಹೇಳುವುದನ್ನು ಕೇಳದೆ ಬಾಗಿಲು ಮುಚ್ಚುವುದು ತಪ್ಪು. ಅವನ ಒಂದೇ ಮಾತು ಕೇಳಿ ತೀರ್ಪು ಬರೆದುಬಿಡುವುದೂ ತಪ್ಪು. ಹಾಗಾದರೆ ಈ ಸಾಕ್ಷಿ ಏನೇನು ಹೇಳಬಲ್ಲದು? ಅದನ್ನು ನಾವು ಹೇಗೆ ಕೇಳಿಸಿಕೊಳ್ಳಬೇಕು? ಸ್ವಲ್ಪ ಸಮಾಧಾನದಿಂದ ತಿಳಿಯೋಣ.

ವಯಸ್ಕರೊಬ್ಬರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರಲ್ಲಿ ರಾಗಿಕಾಳಿನ ಗಾತ್ರದ, ಅಂದರೆ ಸುಮಾರು ಒಂದು ಘನ ಮಿಲಿಮೀಟರಿನಷ್ಟು ಹನಿಯನ್ನು ತೆಗೆದುಕೊಳ್ಳಿ. ಆ ಪುಟ್ಟ ಹನಿಯಲ್ಲಿ 40ರಿಂದ 50 ಲಕ್ಷ ಕೆಂಪು ಕಣಗಳು, 4 ಸಾವಿರದಿಂದ 11 ಸಾವಿರ ಬಿಳಿ ಕಣಗಳು, ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳು ಇರುತ್ತವೆ. ಇವೆಲ್ಲ ಹುಟ್ಟುವುದು ನಮ್ಮ ಮೂಳೆಗಳ ಒಳಗಿನ ಮಜ್ಜೆಯಲ್ಲಿ. ನೀವು ಈ ಸಾಲನ್ನು ಓದುತ್ತಿರುವಾಗಲೂ ಅಲ್ಲಿ ಒಂದೊಂದು ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕೆಂಪು ಕಣಗಳು ತಯಾರಾಗುತ್ತಿವೆ. ಇಡೀ ದೇಹವನ್ನು ಸುತ್ತಿ ಬರುವ ಈ ಕಣಗಳಿಗೆ ದೇಹದ ಸುಖದುಃಖ ಗೊತ್ತಿರುವುದರಲ್ಲಿ ಆಶ್ಚರ್ಯವೇನಿದೆ?

ಮೊದಲನೆಯದಾಗಿ, ಕೆಂಪು ಕಣಗಳು

ಕೆಂಪು ಕಣದ ಕೆಲಸ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ದೇಹದ ಮೂಲೆಮೂಲೆಗೆ ತಲುಪಿಸುವುದು. ಅದನ್ನು ಹೊರುವ ವಸ್ತುವಿನ ಹೆಸರು ಹಿಮೋಗ್ಲೋಬಿನ್. ಗರ್ಭಿಣಿಯಲ್ಲದ ಮಹಿಳೆಯರಲ್ಲಿ ಇದು 12 ಗ್ರಾಂಗಿಂತ, ಗಂಡಸರಲ್ಲಿ 13 ಗ್ರಾಂಗಿಂತ ಕೆಳಗಿಳಿದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇಕಡ 67.

ಇದರ ಅರ್ಥವೇನು? ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವ ತಾಯಿ, ತರಗತಿಯಲ್ಲಿ ತೂಕಡಿಸುವ ಹುಡುಗಿ, ಸದಾ ಸುಸ್ತೆನ್ನುವ ಸೊಸೆ ಇವರು ಸೋಮಾರಿಗಳಾಗಿರಬೇಕಿಲ್ಲ. ಅವರ ರಕ್ತ ಹೊರಬೇಕಾದ ಹೊರೆಯನ್ನು ಹೊರಲಾರದೆ ಇರಬಹುದು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದುದನ್ನು ಉಣ್ಣುವ ತಾಯಂದಿರ ಮನೆಯ ಕಥೆಯನ್ನು ಹಿಮೋಗ್ಲೋಬಿನ್‌ನ ಒಂದು ಅಂಕಿ ಹೇಳಿಬಿಡುತ್ತದೆ.

ಆದರೆ ಅಂಕಿಯೊಂದೇ ಸಾಲದು, ಕಣದ ಗಾತ್ರವನ್ನೂ ನೋಡಬೇಕು. ಇದನ್ನು ಜಗತ್ತಿಗೆ ತಿಳಿಸಿಕೊಟ್ಟ ಒಂದು ದೊಡ್ಡ ಸಂಶೋಧನೆ ನಡೆದದ್ದು ನಮ್ಮ ಭಾರತದಲ್ಲೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಡ ಗರ್ಭಿಣಿಯರಲ್ಲಿ, ಅದರಲ್ಲೂ ಜವಳಿ ಗಿರಣಿಯ ಕೆಲಸಗಾರ್ತಿಯರಲ್ಲಿ, ಪ್ರಾಣಕ್ಕೇ ಎರವಾಗುವಂಥ ರಕ್ತಹೀನತೆ ಕಾಣುತ್ತಿತ್ತು. ಕಬ್ಬಿಣದ ಕೊರತೆಯಿದ್ದರೆ ಕೆಂಪು ಕಣಗಳು ಚಿಕ್ಕದಾಗಿ ಬಿಳಿಚಿಕೊಂಡಿರುತ್ತವೆ. ಈ ತಾಯಂದಿರ ಕಣಗಳಾದರೋ ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ಹಾಗಾದರೆ ಕೊರತೆ ಬೇರೆ ಯಾವುದೋ ಇರಬೇಕು ಎಂದು ಅವರು ಆಹಾರದಲ್ಲಿ ಹುಡುಕತೊಡಗಿದರು. ಯೀಸ್ಟಿನ ಸಾರದಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸನ್ನು ಕೊಟ್ಟಾಗ ತಾಯಂದಿರು ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು. ಹತ್ತು ವರ್ಷಗಳ ನಂತರ, 1941ರಲ್ಲಿ, ಪಾಲಕ್ ಸೊಪ್ಪಿನಿಂದ ವಿಜ್ಞಾನಿಗಳು ಬೇರ್ಪಡಿಸಿದ ಆ ಅಂಶಕ್ಕೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಇಂದು ಗರ್ಭಿಣಿಯರಿಗೂ ಶಾಲೆಯ ಮಕ್ಕಳಿಗೂ ಸರ್ಕಾರ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗೆ ಫೋಲಿಕ್ ಆಮ್ಲ ಇರುವುದು ಇದಕ್ಕೇ. ಆ ಮಾತ್ರೆಯನ್ನು ಕಿಟಕಿಯಿಂದ ಎಸೆಯುವ ಮಕ್ಕಳಿಗೆ ಈ ಕಥೆಯನ್ನು ಹೇಳಿ.

ಇನ್ನೊಂದು ಎಚ್ಚರಿಕೆ. ಗಂಡಸರಲ್ಲಿ ಅಥವಾ ಮುಟ್ಟು ನಿಂತ ಮಹಿಳೆಯರಲ್ಲಿ ಕಬ್ಬಿಣ ಕಡಿಮೆಯಾಗಿದ್ದರೆ, ಹೊಟ್ಟೆಯಲ್ಲೋ ಕರುಳಿನಲ್ಲೋ ಕಾಣದಂತೆ ರಕ್ತ ಸೋರುತ್ತಿರಬಹುದು. ಅಂಗಡಿಯಿಂದ ಟಾನಿಕ್ ತಂದು ಕುಡಿದರೆ ಅಂಕಿ ಏರೀತು, ಒಳಗಿನ ಹುಣ್ಣೋ ಗಡ್ಡೆಯೋ ಹಾಗೇ ಉಳಿದೀತು. ಕಾರಣವನ್ನು ವೈದ್ಯರು ಹುಡುಕಲೇಬೇಕು.

ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ದಿನವೂ ರಕ್ತದಲ್ಲಿನ ಸಕ್ಕರೆ ಅದರ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತಲೇ ಇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಮಾಡುವ 'ಎಚ್‌ಬಿಎ1ಸಿ' ಪರೀಕ್ಷೆ ಅಳೆಯುವುದು ಇದನ್ನೇ. ಹಬ್ಬದಲ್ಲಿ ಹೋಳಿಗೆ, ಕೇಕು ಎಲ್ಲ ತಿಂದು, ಪರೀಕ್ಷೆಗೆ ಎರಡು ದಿನ ಮುಂಚೆ ಪಥ್ಯ ಹಿಡಿದರೆ ಈ ಸಾಕ್ಷಿ ಮೋಸ ಹೋಗುವುದಿಲ್ಲ. ಹಿಂದಿನ ಎರಡು-ಮೂರು ತಿಂಗಳ ಲೆಕ್ಕವನ್ನು ಅದು ಒಪ್ಪಿಸಿಬಿಡುತ್ತದೆ. ಅದು ಶೇಕಡ 6.5 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆಯ ಸೂಚನೆ. ಆದರೂ ರಕ್ತಹೀನತೆ ಇರುವವರಲ್ಲಿ ಈ ಅಂಕಿ ನಿಜಕ್ಕಿಂತ ಹೆಚ್ಚು-ಕಡಿಮೆ ತೋರಿಸಬಹುದು. ಪ್ರಾಮಾಣಿಕ ಸಾಕ್ಷಿಯನ್ನೂ ಮರುಪ್ರಶ್ನೆ ಮಾಡಬೇಕಾಗುತ್ತದೆ!

ಎರಡನೆಯದಾಗಿ, ಬಿಳಿ ಕಣಗಳು

ಇವು ದೇಹದ ಕಾವಲುಗಾರರು. ಇವುಗಳ ಕೆಲಸ ಬೆಳಕಿಗೆ ಬಂದದ್ದು ಒಂದು ಕ್ರಿಸ್ತಜಯಂತಿಯ ದಿನಗಳಲ್ಲಿ. 1882ರ ಡಿಸೆಂಬರಿನಲ್ಲಿ ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಇಟಲಿಯ ಸಿಸಿಲಿ ದ್ವೀಪದ ಮೆಸ್ಸೀನಾದಲ್ಲಿದ್ದರು. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಒಬ್ಬರೇ ಕುಳಿತು ನಕ್ಷತ್ರಮೀನಿನ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಅವರಿಗೊಂದು ಯೋಚನೆ ಹೊಳೆಯಿತು. ಕೆಲವೇ ದಿನ ಹಿಂದೆ ಮಕ್ಕಳಿಗಾಗಿ ಕಿತ್ತಳೆ ಜಾತಿಯ ಪುಟ್ಟ ಗಿಡವೊಂದನ್ನು ಕ್ರಿಸ್ಮಸ್ ಮರವಾಗಿ ಸಿಂಗರಿಸಿದ್ದ ತೋಟಕ್ಕೆ ಹೋಗಿ, ಗುಲಾಬಿ ಮುಳ್ಳುಗಳನ್ನು ತಂದು, ಗಾಜಿನಂತೆ ಪಾರದರ್ಶಕವಾದ ಆ ಮರಿಗಳ ಚರ್ಮದೊಳಗೆ ಚುಚ್ಚಿದರು. ಮರುದಿನ ನಸುಕಿನಲ್ಲೇ ಎದ್ದು ನೋಡುತ್ತಾರೆ, ಸಂಚಾರಿ ಕಣಗಳು ನಾಲ್ಕೂ ಕಡೆಯಿಂದ ಬಂದು ಮುಳ್ಳನ್ನು ಮುತ್ತಿವೆ! ನಮ್ಮ ಕಾಲಿಗೆ ಮುಳ್ಳು ಚುಚ್ಚಿದಾಗ ಕೀವಾಗುವುದೂ ಇದೇ ಕಾರಣದಿಂದ. ಕೀವೆಂದರೆ ಬಹುಮಟ್ಟಿಗೆ ಹೋರಾಡಿ ಸತ್ತ ಬಿಳಿ ಕಣಗಳು.

ಅದೇ ಕಾಲದಲ್ಲಿ ಜರ್ಮನಿಯ ಪಾಲ್ ಎರ್ಲಿಕ್, ಬಟ್ಟೆಗೆ ಹಾಕುವ ಬಣ್ಣಗಳ ಜಾತಿಯವನ್ನೇ ರಕ್ತದ ಲೇಪಕ್ಕೆ ಹಾಕಿ, ಬಿಳಿ ಕಣಗಳಲ್ಲೂ ಬೇರೆಬೇರೆ ಬಗೆಗಳಿವೆಯೆಂದು ತೋರಿಸಿದರು. 1908ರಲ್ಲಿ ಇಬ್ಬರಿಗೂ ಕೂಡಿ ನೊಬೆಲ್ ಪ್ರಶಸ್ತಿ ಬಂತು. ಲ್ಯಾಬಿನ ಹಾಳೆಯಲ್ಲಿ ಇಂದಿಗೂ ಆ ಬಗೆಗಳ ಹೆಸರುಗಳನ್ನು ಕಾಣುತ್ತೇವೆ. ನ್ಯೂಟ್ರೋಫಿಲ್ ಹೆಚ್ಚಿದ್ದರೆ ಬ್ಯಾಕ್ಟೀರಿಯಾ ಸೋಂಕಿನ ಸಂಶಯ ಬರುತ್ತದೆ. ಲಿಂಫೊಸೈಟ್ ಹೆಚ್ಚಿದ್ದರೆ ಹಲವು ಸಲ ವೈರಸ್ಸಿನ ಸೂಚನೆ. ಇಯೊಸಿನೊಫಿಲ್ ಹೆಚ್ಚಿದ್ದರೆ ಅಲರ್ಜಿಯೋ, ಉಬ್ಬಸವೋ, ಹೊಟ್ಟೆಯಲ್ಲಿ ಹುಳುವೋ ಇರಬಹುದು. ಬರಿಗಾಲಲ್ಲಿ ತೋಟದಲ್ಲಿ ಓಡಾಡುವ ಮಗುವಿನ ಪಾದದಿಂದಲೇ ಕೊಕ್ಕೆಹುಳು ಒಳಹೊಕ್ಕು, ಕರುಳಿನಲ್ಲಿ ರಕ್ತ ಹೀರುತ್ತದೆ. ಆಗ ಇಯೊಸಿನೊಫಿಲ್ ಏರಿಕೆ, ಹಿಮೋಗ್ಲೋಬಿನ್ ಇಳಿಕೆ ಎರಡೂ ಒಂದೇ ಹಾಳೆಯಲ್ಲಿ ಕಾಣಬಹುದು.

ಕಾವಲುಗಾರರೇ ಇಲ್ಲವಾದರೆ? 1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಿಂದ ಒಂದು ವರದಿ ಬಂತು. ಮೊದಲು ಆರೋಗ್ಯವಾಗಿದ್ದ ಐವರು ಯುವಕರಿಗೆ ಅತಿ ಅಪರೂಪದ ನ್ಯುಮೋನಿಯಾ ಬಂದಿತ್ತು. ಇಂಥ ರೋಗಿಗಳ ರಕ್ತ ನೋಡಿದಾಗ, ರಕ್ಷಣೆಯನ್ನು ಮುನ್ನಡೆಸುವ ಸಿಡಿ4 ಎಂಬ ಬಗೆಯ ಲಿಂಫೊಸೈಟ್‌ಗಳು ಕಾಣೆಯಾಗುತ್ತಿದ್ದವು. ಅವನ್ನು ನಾಶಮಾಡುವ ಎಚ್‌ಐವಿ ವೈರಸ್ ಪತ್ತೆಯಾದದ್ದು 1983ರಲ್ಲಿ. ನಮ್ಮ ದೇಶದಲ್ಲಿ ಮೊದಲು ಸಿಡಿ4 ಸಂಖ್ಯೆ ಒಂದು ಮಿತಿಗಿಂತ ಇಳಿದವರಿಗೆ ಔಷಧಿ ಆರಂಭಿಸುತ್ತಿದ್ದರು. 2017ರಿಂದ ಸೋಂಕು ಕಂಡ ಎಲ್ಲರಿಗೂ, ಸಂಖ್ಯೆ ಎಷ್ಟೇ ಇರಲಿ, ಔಷಧಿ ಕೊಡಲಾಗುತ್ತಿದೆ. ಬೇಗ ಆರಂಭಿಸಿ ತಪ್ಪದೆ ಸೇವಿಸಿದವರು ದೀರ್ಘಕಾಲ ಬಾಳುತ್ತಿದ್ದಾರೆ, ದುಡಿಯುತ್ತಿದ್ದಾರೆ, ಮಕ್ಕಳನ್ನು ಓದಿಸುತ್ತಿದ್ದಾರೆ. ಅವರ ತಟ್ಟೆ-ಲೋಟವನ್ನು ಬೇರೆ ಇಡುವುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ.

ಕಾವಲುಗಾರರು ಮಿತಿಮೀರಿ ಹೆಚ್ಚಿದರೂ ಅಪಾಯವೇ. 1845ರಲ್ಲಿ ಎಡಿನ್‌ಬರೊದ ಬೆನೆಟ್, ಬರ್ಲಿನ್‌ನ ವಿರ್ಕೊ ಎಂಬ ವೈದ್ಯರು, ಬಿಳಿ ಕಣಗಳು ತುಂಬಿಹೋದ ರಕ್ತವನ್ನು ಬೇರೆಬೇರೆಯಾಗಿ ವರ್ಣಿಸಿದರು. ವಿರ್ಕೊ ಅದಕ್ಕೆ 'ಬಿಳಿ ರಕ್ತ' ಎಂಬ ಅರ್ಥದ ಗ್ರೀಕ್ ಹೆಸರಿಟ್ಟರು. ಅದೇ ಲ್ಯುಕೇಮಿಯಾ, ರಕ್ತದ ಕ್ಯಾನ್ಸರ್. ಇದರಲ್ಲಿ ನಿಧಾನವಾಗಿ ಬೆಳೆಯುವ ಕ್ರಾನಿಕ್ ಮೈಲಾಯ್ಡ್ ಎಂಬ ಬಗೆ ಎಷ್ಟೋ ಜನರಲ್ಲಿ ಗೊತ್ತಾಗುವುದು ಬೇರಾವುದೋ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ. 2001ರಲ್ಲಿ ಬಳಕೆಗೆ ಬಂದ ಇಮ್ಯಾಟಿನಿಬ್ ಎಂಬ ದಿನನಿತ್ಯದ ಮಾತ್ರೆ ಆ ಕಾಯಿಲೆಯ ಹಣೆಬರಹವನ್ನೇ ಬದಲಿಸಿತು. ಬೀರುವಿನಲ್ಲಿ ಬಚ್ಚಿಟ್ಟ ಹಾಳೆ ಇಂಥ ಅವಕಾಶವನ್ನು ಕಸಿದುಕೊಂಡುಬಿಡಬಹುದು.

ಮೂರನೆಯದಾಗಿ, ಪ್ಲೇಟ್‌ಲೆಟ್‌ಗಳು

ಗಾಯವಾದಾಗ ರಕ್ತ ಸೋರದಂತೆ ತಡೆಗಟ್ಟುವ ಪುಟ್ಟ ಕಣಗಳಿವು. ಮಳೆಗಾಲ ಬಂತೆಂದರೆ ಎಲ್ಲರ ಬಾಯಲ್ಲೂ ಇವುಗಳದೇ ಮಾತು, ಡೆಂಗೆ ಜ್ವರದಿಂದಾಗಿ. 'ಬೆಳಿಗ್ಗೆ ಎಂಬತ್ತು ಸಾವಿರ, ಸಂಜೆ ಅರವತ್ತು' ಎಂದು ಬಂಧುಬಳಗವೆಲ್ಲ ಫೋನಿನಲ್ಲಿ ಎಣಿಸುತ್ತದೆ. ರಕ್ತದಾನಿಗಳಿಗಾಗಿ ಓಡಾಟ, ಪಪ್ಪಾಯಿ ಎಲೆಗಾಗಿ ಹುಡುಕಾಟ ಶುರುವಾಗುತ್ತದೆ. ಆದರೆ ರಕ್ತಸ್ರಾವವಿಲ್ಲದಿದ್ದರೆ, ಅಂಕಿ ಇಳಿಯಿತೆಂಬ ಒಂದೇ ಕಾರಣಕ್ಕೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಏರಿಸಬೇಕಾಗಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಡೆಂಗೆಯಲ್ಲಿ ದೊಡ್ಡ ಅಪಾಯವೆಂದರೆ ರಕ್ತನಾಳಗಳಿಂದ ನೀರಿನಂಶ ಸೋರಿಹೋಗಿ ರಕ್ತ ಗಟ್ಟಿಯಾಗುವುದು. ಅದನ್ನು ತೋರಿಸುವುದು ಹಾಳೆಯ ಇನ್ನೊಂದು ಸಾಲು, 'ಪಿಸಿವಿ'. ಪ್ಲೇಟ್‌ಲೆಟ್ ಬೇಗಬೇಗ ಇಳಿಯುತ್ತ, ಪಿಸಿವಿ ಏರುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ.

ಇನ್ನೂ ಮುಖ್ಯವಾದ ಮಾತೊಂದಿದೆ. ಈ ಅಪಾಯ ಹೆಚ್ಚಾಗಿ ಬರುವುದು ಜ್ವರ ಇಳಿದ ಹೊತ್ತಿನಲ್ಲಿ, ಸುಮಾರು ಮೂರರಿಂದ ಏಳನೆಯ ದಿನದೊಳಗೆ. 'ಜ್ವರ ಬಿಟ್ಟಿತು, ಸದ್ಯ!' ಎಂದು ನಿಟ್ಟುಸಿರು ಬಿಡುವಾಗಲೇ ರೋಗಿಯನ್ನು ಕಣ್ಣಿಟ್ಟು ನೋಡಬೇಕು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಮಂಕು ಕವಿದಂತಿರುವುದು ಇವುಗಳಲ್ಲಿ ಒಂದು ಕಂಡರೂ ಮುಂದಿನ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರಕ್ಕೆಂದು ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ನೀವಾಗಿಯೇ ಕೊಡಬೇಡಿ, ರಕ್ತಸ್ರಾವ ಹೆಚ್ಚೀತು.

ಹೇಗೆ ಕೇಳಿಸಿಕೊಳ್ಳಬೇಕು?

ಪ್ರಿಯರೇ, ಕೊನೆಯದಾಗಿ ಮೂರು ಮಾತು.

ಒಂದು, ಗುರುತು ಬಿದ್ದ ಅಂಕಿಯೆಲ್ಲ ರೋಗವಲ್ಲ. ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿಯ ಅಂಕಿಗಳು ಎಲ್ಲಿಂದ ಎಲ್ಲಿಯವರೆಗೆ ಇರುತ್ತವೆ ಎಂದು ನೋಡಿ ಲ್ಯಾಬುಗಳು ಸಾಮಾನ್ಯ ಮಿತಿಯನ್ನು ಗೊತ್ತುಪಡಿಸುತ್ತವೆ. ಅಂದರೆ ಯಾವ ಕಾಯಿಲೆಯೂ ಇಲ್ಲದ ಇಪ್ಪತ್ತು ಮಂದಿಯಲ್ಲಿ ಒಬ್ಬರ ಅಂಕಿ ಮಿತಿಯ ಹೊರಗೆ ಬಿದ್ದೇ ಬೀಳುತ್ತದೆ. ಪರೀಕ್ಷೆಗಳು ಹೆಚ್ಚಿದಷ್ಟೂ ಇಂಥ ಗುರುತುಗಳೂ ಹೆಚ್ಚು. ಹಾಳೆಯನ್ನು ರೋಗಿಯ ಪಕ್ಕದಲ್ಲಿಟ್ಟುಕೊಂಡು ಓದಬಲ್ಲವರು ವೈದ್ಯರು. ಅವರು ನೋಡುವ ಮೊದಲೇ ನೀವು ಎದೆಗುಂದಬೇಡಿ.

ಎರಡು, ಹಳೆಯ ಹಾಳೆಗಳನ್ನು ಎಸೆಯಬೇಡಿ. ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಫೈಲು ಮಾಡಿ, ತಾರೀಕಿನ ಪ್ರಕಾರ ಜೋಡಿಸಿಡಿ. ಹೋದ ವರ್ಷ 14 ಇದ್ದ ಹಿಮೋಗ್ಲೋಬಿನ್ ಈ ವರ್ಷ 12.5 ಆಗಿದ್ದರೆ, ಮಹಿಳೆಯೊಬ್ಬಳ ಹಾಳೆಯಲ್ಲಿ ಅದಕ್ಕೆ ಗುರುತು ಬೀಳುವುದಿಲ್ಲ. ಆದರೆ ಎರಡು ಹಾಳೆ ಜೊತೆಗಿಟ್ಟರೆ ಇಳಿಕೆ ಎದ್ದು ಕಾಣುತ್ತದೆ.

ಮೂರು, ಬಚ್ಚಿಡಬೇಡಿ. ಖರ್ಚಿನ ಭಯದಿಂದ ತಾಯಿ ಬಚ್ಚಿಡುತ್ತಾಳೆ, ಮದುವೆ ತಪ್ಪೀತೆಂದು ಮಗಳದನ್ನು ಬಚ್ಚಿಡುತ್ತಾರೆ, ಊರವರ ಬಾಯಿಗೆ ಹೆದರಿ ಮಗ ಬಚ್ಚಿಡುತ್ತಾನೆ. ನಾವು ಬಚ್ಚಿಟ್ಟರೂ ರಕ್ತ ತನ್ನ ಕೆಲಸ ನಿಲ್ಲಿಸುವುದಿಲ್ಲ, ಕಾಯಿಲೆಯೂ ನಿಲ್ಲಿಸುವುದಿಲ್ಲ. ಬಚ್ಚಿಟ್ಟವರನ್ನು ಬೈಯುವ ಮೊದಲು, ಅವರು ಹೇಳಿಕೊಳ್ಳಲು ನಮ್ಮ ಮನೆಯಲ್ಲಿ ಜಾಗ ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳೋಣ. ಈ ವಾರ ಒಂದು ರಾತ್ರಿ ಊಟವಾದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು, ಮನೆಯಲ್ಲಿರುವ ಹಾಳೆಗಳನ್ನೆಲ್ಲ ಹೊರತೆಗೆಯಿರಿ. ಮೊದಲು ಅಮ್ಮನದನ್ನು ನೋಡಿ. ಆಕೆ ಕೊನೆಯ ಸಲ ರಕ್ತಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಕೇಳಿ. ಮಾಡಿಸಿಯೇ ಇಲ್ಲ ಎಂದರೆ ನಾಳೆಯೇ ಕರೆದುಕೊಂಡು ಹೋಗಿ.