ರೈಬೋಸೋಮಿಗೆ ಒಂದೇ ತವರಿಲ್ಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿಯ ಪರಿಚಯ ಮಾಡಿಕೊಡಬೇಕಿಲ್ಲ. ಎಲೆಯ ಮೇಲೆ ಎಣ್ಣೆ ಸೋಕಿದಂಥ ಸಣ್ಣ ಚುಕ್ಕೆ, ಆಮೇಲೆ ಕಾಯಿಯ ಮೇಲೆ ಕಪ್ಪು ಮಚ್ಚೆ, ಮಚ್ಚೆಯ ನಡುವೆ ಸೀಳು. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯಿತೆಂದರೆ ತೋಟದ ತುಂಬ ಹಬ್ಬುತ್ತದೆ. ಇದನ್ನು ತರುವುದು ಕ್ಸಾಂತೋಮೊನಾಸ್ ಎಂಬ ಏಕಕೋಶ ಜೀವಿ. ಕಾಪರ್ ಆಕ್ಸಿಕ್ಲೋರೈಡ್ ಜೊತೆ ಬೆರೆಸಿ ರೈತರು ವರ್ಷಗಳಿಂದ ಹೊಡೆಯುತ್ತ ಬಂದ ಸ್ಟ್ರೆಪ್ಟೋಸೈಕ್ಲಿನ್ ಪುಡಿಯಲ್ಲಿ ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಎರಡೂ ಇವೆ. ಎರಡರ ಗುರಿಯೂ ದುಂಡಾಣುವಿನ ರೈಬೋಸೋಮ್, ಅಂದರೆ ಕೋಶದಲ್ಲಿ ಪ್ರೋಟೀನ್ ಕಟ್ಟುವ ಕಣ. ಆದರೆ ರೈಬೋಸೋಮ್ ದಾಳಿಂಬೆ ಗಿಡದ ಕೋಶದಲ್ಲೂ ಇದೆ, ಔಷಧಿ ಹೊಡೆಯುವವರ ಮೈಯಲ್ಲೂ ಇದೆ. ಒಂದಕ್ಕೆ ತಗಲುವ ಪೆಟ್ಟು ಇನ್ನೊಂದಕ್ಕೆ ಯಾಕೆ ತಗಲುವುದಿಲ್ಲ? ರೈಬೋಸೋಮಿನ ಬಿಡಿಭಾಗಗಳು ಯಾವ ಜಾಗದಲ್ಲಿ, ಯಾವ ಜೀನಿನಿಂದ ಹುಟ್ಟುತ್ತವೆ ಎಂದು ತಿಳಿಯದೆ ಈ ಪ್ರಶ್ನೆಗೆ ಉತ್ತರವಿಲ್ಲ. ಈ ಕಣಕ್ಕೆ ಒಂದೇ ತವರಿಲ್ಲ ಎಂಬುದೇ ನನ್ನ ವಾದ.

ದುಂಡಾಣುವಿನಿಂದಲೇ ಶುರುಮಾಡೋಣ. ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಇ. ಕೋಲೈಯಲ್ಲಿ ಒಂದು ರೈಬೋಸೋಮ್ ಎಂದರೆ ಮೂರು ಆರ್‌ಎನ್‌ಎ ಎಳೆಗಳು ಮತ್ತು ಐವತ್ತಕ್ಕೂ ಹೆಚ್ಚು ಪ್ರೋಟೀನುಗಳು. ಆರ್‌ಎನ್‌ಎ ಎಳೆಗಳಿಗೆ ಬೇಕಾದ ಜೀನ್ ಗುಂಪಿನ ಏಳು ಪ್ರತಿಗಳು ಅದರ ಡಿಎನ್‌ಎಯಲ್ಲಿವೆ. ಅಲ್ಲಿಂದ ಒಂದು ಉದ್ದನೆಯ ಎಳೆ ಹೊರಡುತ್ತದೆ, ಕಿಣ್ವಗಳು ಅದನ್ನು ಕತ್ತರಿಸಿ ಮೂರು ಮಾಡುತ್ತವೆ. ಪ್ರೋಟೀನುಗಳನ್ನು ಕಟ್ಟಿಕೊಡುವುದು ಕೋಶದಲ್ಲಿ ಆಗಲೇ ಇರುವ ಹಳೆಯ ರೈಬೋಸೋಮುಗಳು. ಎಳೆ ಡಿಎನ್‌ಎಯಿಂದ ಪೂರ್ತಿ ಬಿಡಿಸಿಕೊಳ್ಳುವ ಮೊದಲೇ ಪ್ರೋಟೀನುಗಳು ಬಂದು ಅದಕ್ಕೆ ಕೂಡಿಕೊಳ್ಳತೊಡಗುತ್ತವೆ. ಇಲ್ಲಿ ಕೋಶಕೇಂದ್ರದ ಗೋಡೆಯೇ ಇಲ್ಲವಾದ್ದರಿಂದ ಜಾಗದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಗೋಡೆ ಇಲ್ಲ ನಿಜ, ಆದರೆ ವಿಂಗಡಣೆ ಇದೆ. ಡಿಎನ್‌ಎಯ ಮುದ್ದೆ ಕೋಶದ ನಡುವೆ ಇರುತ್ತದೆ, ಪ್ರೋಟೀನ್ ಕಟ್ಟುವುದರಲ್ಲಿ ತೊಡಗಿದ ರೈಬೋಸೋಮುಗಳು ಹೆಚ್ಚಾಗಿ ಅದರ ಸುತ್ತ ಮತ್ತು ಎರಡು ತುದಿಗಳಲ್ಲಿ ಸೇರಿರುತ್ತವೆ. ಎಳೆ ಒಂದು ಕಡೆ ಹುಟ್ಟಿದರೆ ಪ್ರೋಟೀನು ಹೆಚ್ಚಾಗಿ ಇನ್ನೊಂದು ಕಡೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಪ್ರಯೋಗಾಲಯದಿಂದಲೇ ಬಂದಿದೆ. 1968ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಸಾಯಾಸು ನೊಮುರಾ ಮತ್ತು ಸಂಗಡಿಗರು ದುಂಡಾಣು ರೈಬೋಸೋಮಿನ ಚಿಕ್ಕ ಅರ್ಧವನ್ನು ಬಿಡಿಬಿಡಿಯಾಗಿ ಮಾಡಿ, ಆರ್‌ಎನ್‌ಎಯನ್ನೂ ಪ್ರೋಟೀನುಗಳನ್ನೂ ನಳಿಕೆಯಲ್ಲಿ ಬೆರೆಸಿ, ಕೆಲಸ ಮಾಡುವ ಕಣವನ್ನು ಮತ್ತೆ ಪಡೆದರು. ಭಾಗಗಳು ತಮ್ಮಷ್ಟಕ್ಕೆ ತಾವೇ ಕೂಡಿಕೊಳ್ಳುತ್ತವೆಂದ ಮೇಲೆ ಎಲ್ಲಿ ಹುಟ್ಟಿದರೇನು? ಆದರೆ ಆ ಪ್ರಯೋಗಕ್ಕೆ ಸುಮಾರು 40 ಡಿಗ್ರಿ ಬಿಸಿ ಬೇಕಾಯಿತು, ಹತ್ತಾರು ನಿಮಿಷ ಹಿಡಿಯಿತು. ಜೀವಂತ ಕೋಶ ಕೆಲವೇ ನಿಮಿಷಗಳಲ್ಲಿ ಅದನ್ನು ಮುಗಿಸುತ್ತದೆ, ಏಕೆಂದರೆ ಎಳೆ ಹೊರಬೀಳುವ ಅನುಕ್ರಮದಲ್ಲೇ ಪ್ರೋಟೀನುಗಳೂ ಬಂದು ಸೇರುತ್ತವೆ, ನೆರವಿಗೆ ಬೇರೆ ಪ್ರೋಟೀನುಗಳೂ ಇರುತ್ತವೆ. ಕೋಶಕೇಂದ್ರವಿರುವ ಏಕಕೋಶಿ ಯೀಸ್ಟ್‌ನಲ್ಲಂತೂ ಜಾಗವನ್ನು ಕಡೆಗಣಿಸುವಂತೆಯೇ ಇಲ್ಲ. ಅಲ್ಲಿ ರೈಬೋಸೋಮ್ ಆರ್‌ಎನ್‌ಎಯ ಜೀನುಗಳು ಹನ್ನೆರಡನೆಯ ಕ್ರೋಮೋಸೋಮಿನ ಮೇಲೆ ಸುಮಾರು 150 ಸಲ ಸಾಲಾಗಿ ಬಂದಿವೆ. ಆ ಸಾಲಿನ ಸುತ್ತ ಕೋಶಕೇಂದ್ರದೊಳಗೆ ಅರ್ಧಚಂದ್ರದ ಆಕಾರದ ನ್ಯೂಕ್ಲಿಯೋಲಸ್ ಕಟ್ಟಿಕೊಂಡಿದೆ. ಎಳೆ ಹುಟ್ಟುವುದು ಅಲ್ಲಿ. ಕೂಡಿಕೊಳ್ಳಬೇಕಾದ 79 ಪ್ರೋಟೀನುಗಳು ತಯಾರಾಗುವುದು ಹೊರಗೆ, ಕೋಶರಸದಲ್ಲಿ. ಅವು ಕೋಶಕೇಂದ್ರದ ರಂಧ್ರಗಳ ಮೂಲಕ ಒಳಗೆ ಹೋಗಬೇಕು, ಎಳೆಗೆ ಸೇರಬೇಕು, ಅರೆಬರೆ ಕಟ್ಟಿದ ಕಣ ಮತ್ತೆ ಹೊರಗೆ ಬರಬೇಕು. ಕೊನೆಯ ಕತ್ತರಿಕೆಯೊಂದು ಹೊರಗೆ ಬಂದ ಮೇಲೆಯೇ ನಡೆಯುತ್ತದೆ. ಚುರುಕಾಗಿ ಬೆಳೆಯುವ ಯೀಸ್ಟ್ ಕೋಶ ನಿಮಿಷಕ್ಕೆ ಸುಮಾರು 2,000 ರೈಬೋಸೋಮ್ ಕಟ್ಟುತ್ತದೆ. ಲೆಕ್ಕ ಹಾಕಿದರೆ, ಈ ಒಂದು ಕೆಲಸಕ್ಕೇ ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರೋಟೀನುಗಳು ಕೋಶಕೇಂದ್ರದೊಳಗೆ ಹಾದುಹೋಗಬೇಕು. ಕಣ್ಣಿಗೆ ಕಾಣದ ಒಂದು ಜೀವಿಯೊಳಗೆ ಇಷ್ಟು ದಟ್ಟ ಓಡಾಟ ನಡೆಯುತ್ತದೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಅದೇ ಯೀಸ್ಟ್‌ನ ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದೊಳಗೆ ಇನ್ನೊಂದು ಬಗೆಯ ರೈಬೋಸೋಮ್ ಇದೆ. ಅದರ ಎರಡು ಆರ್‌ಎನ್‌ಎ ಎಳೆಗಳು ಮತ್ತು ಒಂದೇ ಒಂದು ಪ್ರೋಟೀನು ಮೈಟೋಕಾಂಡ್ರಿಯದ ಸ್ವಂತ ಡಿಎನ್‌ಎಯಿಂದ ಬರುತ್ತವೆ. ಉಳಿದ ಪ್ರೋಟೀನುಗಳ ಜೀನುಗಳೆಲ್ಲ ಕೋಶಕೇಂದ್ರದಲ್ಲಿವೆ. ಹಸಿರು ಏಕಕೋಶಿಗಳಲ್ಲಿ ಹಸಿರಿನ ನೆಲೆಯಾದ ಕ್ಲೋರೋಪ್ಲಾಸ್ಟ್ ಸೇರಿ ರೈಬೋಸೋಮಿನ ತಾಣಗಳು ಮೂರಾಗುತ್ತವೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಂಥ, ಹಕ್ಕಿಗಳ ಹಿಕ್ಕೆ ಬಿದ್ದು ಪೋಷಕಾಂಶ ತುಂಬಿದ ಕೆರೆನೀರು ಯುಗ್ಲೀನಾ ಎಂಬ ಹಸಿರು ಏಕಕೋಶಿಗೆ ಹಿಡಿಸುವಂಥದ್ದು. 1948ರಲ್ಲಿ ಪ್ರೊವಸೋಲಿ, ಹಟ್ನರ್, ಶಾಟ್ಜ್ ಈ ಯುಗ್ಲೀನಾಕ್ಕೆ ಸ್ಟ್ರೆಪ್ಟೋಮೈಸಿನ್ ಹಾಕಿದಾಗ ಅದು ಸಾಯಲಿಲ್ಲ, ಬಿಳಿಚಿಕೊಂಡಿತು. ಔಷಧಿ ತೆಗೆದ ಮೇಲೂ ಅದರ ಸಂತತಿಗೆ ಹಸಿರು ಮರಳಲಿಲ್ಲ, ಆಹಾರ ಸಿಕ್ಕರೆ ಬದುಕಿಕೊಂಡಿತ್ತು. ಸ್ಟ್ರೆಪ್ಟೋಮೈಸಿನನ್ನು 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಬೇರ್ಪಡಿಸಿದವರೂ ಇದೇ ಆಲ್ಬರ್ಟ್ ಶಾಟ್ಜ್. ಕ್ಲೋರೋಪ್ಲಾಸ್ಟಿನ ಮೂಲ ಪ್ರಾಚೀನ ದುಂಡಾಣು. ಅದರ ರೈಬೋಸೋಮ್ ಆರ್‌ಎನ್‌ಎ ಇಂದಿಗೂ ಅದರದ್ದೇ ಡಿಎನ್‌ಎಯಿಂದ ಹುಟ್ಟುವುದರಿಂದ ದುಂಡಾಣುವಿನ ರೂಪ ಉಳಿಸಿಕೊಂಡಿದೆ, ಔಷಧಿಗೆ ಸಿಕ್ಕಿಬೀಳುತ್ತದೆ. ಪಕ್ಕದ ಕೋಶರಸದ ರೈಬೋಸೋಮ್ ಕೋಶಕೇಂದ್ರದ ಜೀನಿನಿಂದ ಬಂದದ್ದು, ಆದ್ದರಿಂದ ಪಾರಾಗುತ್ತದೆ. ಹಾಗಾದರೆ ದಾಳಿಂಬೆ ಎಲೆಯ ಕ್ಲೋರೋಪ್ಲಾಸ್ಟಿಗೂ ಅಪಾಯವಿರಬೇಕಲ್ಲ ಎಂದರೆ, ಇದೆ. ಸಿಂಪಡಿಸಿದ ಔಷಧಿ ಎಲೆಯ ಕೋಶದೊಳಕ್ಕೆ ಹೋಗುವುದು ಕಡಿಮೆ ಎಂಬ ಕಾರಣಕ್ಕೆ ಗಿಡ ಉಳಿಯುತ್ತದೆ. ಸ್ಟ್ರೆಪ್ಟೋಮೈಸಿನ್ ಪ್ರಮಾಣ ಮೀರಿದರೆ ಎಲೆ ಹಳದಿಗಟ್ಟುವುದುಂಟು.

ಔಷಧಿ ಕ್ರಮೇಣ ನಾಟದೆ ಹೋಗುವುದಕ್ಕೂ ಕಾರಣ ಹಲವು ಸಲ ಬಿಡಿಭಾಗದ ಹುಟ್ಟಿನಲ್ಲೇ ಇರುತ್ತದೆ. ಸ್ಟ್ರೆಪ್ಟೋಮೈಸಿನ್ ಕೂರುವ ಜಾಗದ ಪಕ್ಕದಲ್ಲಿ ಎಸ್12 ಎಂಬ ಪ್ರೋಟೀನಿದೆ. ಕ್ಷಯದ ದುಂಡಾಣುವಿನಲ್ಲಿ ಅದರ ಜೀನಿನ ಒಂದಕ್ಷರ ಬದಲಾಗಿ, 43ನೆಯ ಸ್ಥಾನದ ಲೈಸಿನ್ ಹೋಗಿ ಆರ್ಜಿನಿನ್ ಬಂದರೆ ಸಾಕು, ಔಷಧಿ ಕೆಲಸ ಮಾಡುವುದಿಲ್ಲ. ಜೀನ್ ಒಂದೇ ಎಲ್ಲವನ್ನೂ ನಿರ್ಧರಿಸುವುದಾದರೆ ಅಕ್ಷರ ಬದಲಾದ ಗಳಿಗೆಯಲ್ಲೇ ದುಂಡಾಣು ಔಷಧಿಯನ್ನು ಜಯಿಸಬೇಕಿತ್ತು. ಹಾಗಾಗುವುದಿಲ್ಲ. ಅದರೊಳಗೆ ತಾಯಿಕೋಶದಿಂದ ಬಂದ ಸಾವಿರಾರು ಹಳೆಯ ರೈಬೋಸೋಮುಗಳು ಹಳೆಯ ಎಸ್12 ಹೊತ್ತು ಕೆಲಸ ಮಾಡುತ್ತಿರುತ್ತವೆ. ಔಷಧಿ ಅವನ್ನು ಹಿಡಿದು ಕೋಶವನ್ನು ಕೊಲ್ಲಬಲ್ಲದು. ಕೆಲವು ಪೀಳಿಗೆ ಒಡೆದು, ಹಳೆಯ ಕಣಗಳು ಮಕ್ಕಳು ಮೊಮ್ಮಕ್ಕಳಲ್ಲಿ ಹಂಚಿಹೋಗಿ ತೆಳುವಾದ ಮೇಲಷ್ಟೇ ಆ ವಂಶಕ್ಕೆ ನಿಜವಾದ ನಿರೋಧ ಬರುತ್ತದೆ.