ಹೊಳೆಯ ಕಾಮಗಾರಿಗೆ ಹಣವೆಲ್ಲಿಂದ, ಜಮೀನೆಲ್ಲಿಂದ?



ಬೆಂಗಳೂರಿನ ಅಕ್ಕಿಪೇಟೆಯಲ್ಲಿ ಬಿದ್ದ ಮಳೆನೀರು ವೃಷಭಾವತಿಗೆ ಹರಿಯುತ್ತದೆ. ವೃಷಭಾವತಿ ಅರ್ಕಾವತಿಯನ್ನೂ, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನೂ ಸೇರುತ್ತದೆ. ಹೀಗೆ ಒಂದು ನದಿಗೆ ನೀರು ಹರಿದುಬರುವ ನೆಲವೆಲ್ಲ ಆ ನದಿಯ ಜಲಾನಯನ ಪ್ರದೇಶ. ಅಕ್ಕಿಪೇಟೆಯ ಸಮೀಪದಲ್ಲಿದ್ದ ಧರ್ಮಾಂಬುಧಿ ಕೆರೆಯ ಅಂಗಳ ಇಂದು ಬಸ್ ನಿಲ್ದಾಣವಾಗಿದೆ. ಹತ್ತಿರದ ನೀರು ಹೋದರೆ ದೂರದ ನೀರನ್ನು ತರಬೇಕು. ಅದಕ್ಕೆ ಹಣವೂ ಬೇಕು, ಜಮೀನೂ ಬೇಕು.

ಹಣದ ಮಾತು

ಅಣೆಕಟ್ಟು, ಕಾಲುವೆಗಳ ವೆಚ್ಚ ಒಂದು ವರ್ಷದ ಬಜೆಟ್ಟಿನಲ್ಲಿ ತೀರುವಂಥದಲ್ಲ. ಆದುದರಿಂದ ನಮ್ಮ ಸರ್ಕಾರವು 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮವನ್ನೂ, 2003ರಲ್ಲಿ ಕಾವೇರಿ ನೀರಾವರಿ ನಿಗಮವನ್ನೂ ಸ್ಥಾಪಿಸಿತು. ಸರ್ಕಾರದ ಅನುದಾನವಲ್ಲದೆ, ನಿಗಮವು ಸಾಲಪತ್ರಗಳ ಮೂಲಕ ಜನರಿಂದಲೂ ಬ್ಯಾಂಕುಗಳಿಂದಲೂ ಹಣ ಎತ್ತಬಹುದು. ಆದರೆ ಸಾಲಕ್ಕೆ ಬಡ್ಡಿಯುಂಟು. ಕೆಲಸ ತಡವಾದಷ್ಟೂ ಹೊರೆ ಹೆಚ್ಚು. ಜಮೀನಿನ ಪರಿಹಾರವೂ ಇದೇ ಚೀಲದಿಂದ ಬರಬೇಕು.

ಜಮೀನಿನ ಮಾತು

1894ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2013ರ ಭೂಸ್ವಾಧೀನ ಕಾಯಿದೆ 2014ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಮುಖ್ಯ ಅಂಶಗಳಿವು:

1. ಪ್ರಾಥಮಿಕ ಅಧಿಸೂಚನೆ ಪ್ರಕಟವಾದ 60 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು.

2. ಹಳ್ಳಿಯ ಜಮೀನಿನ ಮಾರುಕಟ್ಟೆ ಬೆಲೆಯನ್ನು, ಪಟ್ಟಣದಿಂದ ಇರುವ ದೂರಕ್ಕೆ ತಕ್ಕಂತೆ, 1ರಿಂದ 2ರವರೆಗಿನ ಅಂಕದಿಂದ ಗುಣಿಸುತ್ತಾರೆ. ಮರ, ಬಾವಿ, ಕಟ್ಟಡಗಳ ಬೆಲೆ ಸೇರಿಸಿ, ಬಂದ ಮೊತ್ತದಷ್ಟೇ ಹಣವನ್ನು ಸಮಾಧಾನ ಧನವಾಗಿ ಕೂಡಿಸುತ್ತಾರೆ. ಬೆಲೆ 10 ಲಕ್ಷ, ಅಂಕ ಒಂದೂವರೆ, ಬಾವಿ ಮರಗಳಿಗೆ 1 ಲಕ್ಷ ಎಂದಿಟ್ಟುಕೊಳ್ಳಿ. 15ಕ್ಕೆ 1 ಸೇರಿ 16 ಲಕ್ಷ. ಸಮಾಧಾನ ಧನ ಸೇರಿ 32 ಲಕ್ಷ ರೂಪಾಯಿ.

3. ಸಾಮಾನ್ಯವಾಗಿ ಪರಿಹಾರ ಪೂರ್ತಿ ಕೊಟ್ಟ ಮೇಲೆಯೇ ಜಮೀನನ್ನು ವಶಕ್ಕೆ ತೆಗೆದುಕೊಳ್ಳಬೇಕು.

4. ಗೇಣಿದಾರರೂ ಕೃಷಿ ಕೂಲಿಗಳೂ ಮೂರು ವರ್ಷಗಳಿಂದ ಆ ಜಮೀನನ್ನೇ ನಂಬಿ ಬದುಕಿದ್ದರೆ, ಅವರನ್ನೂ ಬಾಧಿತ ಕುಟುಂಬವೆಂದು ಎಣಿಸಬೇಕು.

5. ತೀರ್ಪಿನ ಮೊತ್ತ ಸಾಲದೆನಿಸಿದರೆ ಮೇಲಿನ ಪ್ರಾಧಿಕಾರಕ್ಕೆ ಒಪ್ಪಿಸುವಂತೆ ಕೇಳಬಹುದು. ತೀರ್ಪಿನ ವೇಳೆ ಹಾಜರಿದ್ದವರಿಗೆ 6 ವಾರಗಳ ಗಡುವು. ತೀರ್ಪನ್ನು ಒಪ್ಪಿಕೊಂಡವರಿಗೆ ಈ ದಾರಿಯಿಲ್ಲ. ಓದಿಸಿ ಕೇಳದೆ ಯಾವ ಕಾಗದಕ್ಕೂ ರುಜು ಹಾಕಬೇಡಿ.

ಪಹಣಿಯ ಒಂದು ಶಬ್ದ

ಆಲಮಟ್ಟಿ ಅಣೆಕಟ್ಟಿನಲ್ಲಿ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಮುಳುಗುವ ಜಮೀನಿಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ದರ ಗೊತ್ತುಪಡಿಸಿತು: ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ರೂಪಾಯಿ. ನೀವು ಬಾವಿ ತೋಡಿ ಕಬ್ಬು ಬೆಳೆಯುತ್ತಿದ್ದರೂ ಪಹಣಿಯಲ್ಲಿ ಖುಷ್ಕಿ ಎಂದೇ ಉಳಿದಿದ್ದರೆ ಎಕರೆಗೆ 10 ಲಕ್ಷ ಕೈತಪ್ಪುವ ಭಯವುಂಟು.

ಖಾತೆ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಪರಿಹಾರಕ್ಕೆ ವಾರಸುದಾರರಲ್ಲೇ ವ್ಯಾಜ್ಯ ಹುಟ್ಟುತ್ತದೆ. ಆದ್ದರಿಂದ ಅಳತೆಯವರು ಸರಪಣಿ ಹಿಡಿದು ಬರುವವರೆಗೆ ಕಾಯಬೇಡಿ. ಈ ಬೇಸಗೆಯಲ್ಲೇ ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿ, ಹೆಸರು, ವಿಸ್ತೀರ್ಣ, ಬೆಳೆ, ನೀರಿನ ಆಸರೆ ನಾಲ್ಕನ್ನೂ ಓದಿಸಿ ನೋಡಿ. ತಪ್ಪಿದ್ದರೆ ಅರ್ಜಿ ಕೊಟ್ಟು, ಸ್ವೀಕೃತಿ ಚೀಟಿಯನ್ನು ಜೋಪಾನವಾಗಿಡಿ. ಊರಿಗೆ ನೀರು ಬರಲಿ; ನೆಲ ಕೊಟ್ಟವರ ಮನೆಗೆ ನ್ಯಾಯವಾದ ಬೆಲೆಯೂ ಬರಲಿ.